ಹೆಸರಿಗೆ ಬಿಟ್ಟ ಜಾಗ

ಇರಣ್ಣನ ಕಣ್ಣು ಮೊದಲು ಹೋದದ್ದು ತಲೆಬರಹದ ಮೇಲೆ. ಸೋಮವಾರ ಬೆಳಿಗ್ಗೆ ಏಳು ಗಂಟೆ. ಅಪಾರ್ಟ್‌ಮೆಂಟಿನ ಹಿಂದಿನ ಗೇಟಿನಲ್ಲಿ, ಮನೆಗೆಲಸದ ಹೆಂಗಸರು ಸಾಲಾಗಿ ನಿಂತು ಬೆರಳೊತ್ತಿ ಒಳಗೆ ಬರುವ ಕಡೆ, ಗೋಡೆಗೆ ಅಂಟಿಸಿದ್ದ ಪ್ರಕಟಣೆಯ ಮುಂದೆ ಅವನು ವಾಕಿಂಗ್ ನಿಲ್ಲಿಸಿ ನಿಂತುಬಿಟ್ಟಿದ್ದ. ದಪ್ಪಕ್ಷರ ಸರಿಯಾಗಿ ಬಿದ್ದಿತ್ತು, ಸಾಲುಗಳ ನಡುವೆ ಉಸಿರಾಡುವಷ್ಟು ಜಾಗವಿತ್ತು, ಒತ್ತಕ್ಷರ ಒಂದೂ ಮುರಿದಿರಲಿಲ್ಲ. ಮೂವತ್ನಾಲ್ಕು ವರ್ಷ ಗದಗಿನ 'ಬಯಲು ವಾರ್ತೆ' ಪತ್ರಿಕೆಯಲ್ಲಿ ಉಪಸಂಪಾದಕನಾಗಿ ಕೂತವನಿಗೆ ಯಾವ ಕಾಗದ ಕಂಡರೂ ಮೊದಲು ತಪ್ಪು ಹುಡುಕುವುದು, ಆಮೇಲೆ ವಿಷಯ ಓದುವುದು ಅಭ್ಯಾಸ. ತಪ್ಪಿರಲಿಲ್ಲ. ಇರುವುದಾದರೂ ಹೇಗೆ? ನಿನ್ನೆ ಇದೇ ಹೊತ್ತಿನಲ್ಲಿ ಅದನ್ನು ಬರೆದವನು ಅವನೇ. 'ಕುಡಿಯುವ ನೀರಿನ ಸಂಪಿನ ಬಳಿ ಅನುಮಾನಾಸ್ಪದ ವಸ್ತು ಇರಿಸಿರುವುದಾಗಿ ತಿಳಿದುಬಂದಿರುವ' ಎಂಬ ತನಕ ಓದಿಕೊಂಡು, ಚೆನ್ನಾಗಿದೆ ಮಾರಾಯ, ಕೈ ಇನ್ನೂ ಬಿದ್ದುಹೋಗಿಲ್ಲ ಎಂದು ಒಳಗೊಳಗೇ ಬೀಗಿ, ಮುಂದಿನ ಪದಕ್ಕೆ ಬಂದ. ಅಲ್ಲಿ ಅವನು ಜಾಗ ಬಿಟ್ಟಿದ್ದ. ಈಗ ಆ ಜಾಗದಲ್ಲಿ ಬೇರೆ ಅಚ್ಚಿನ ಅಕ್ಷರದಲ್ಲಿ ಒಂದು ಹೆಸರು ಕೂತಿತ್ತು: ಚಿಕ್ಕಮುನಿಯಮ್ಮ. ಕೆಳಗೆ ಒಂದು ಫೋಟೋ. ಸಂಪಿನ ಪಕ್ಕದ ಪಂಪ್ ರೂಮಿನ ಬಾಗಿಲು, ಬೆನ್ನು ಮಾಡಿ ನಿಂತ ಹೆಂಗಸು, ಅವಳ ಕಂಕುಳಲ್ಲಿ ನೀಲಿ ಕವರಿನ ಗಂಟು. ಹೆಂಗಸಿಗಿಂತ ಮೊದಲು ಅವನು ಗುರುತು ಹಿಡಿದದ್ದು ಕವರನ್ನು. ಅದನ್ನು ಶುಕ್ರವಾರ ಕಟ್ಟಿಕೊಟ್ಟವನೂ ಅವನೇ.

ಚಿಕ್ಕಮುನಿಯಮ್ಮ ಮೂರು ವರ್ಷದಿಂದ ಅವನ ಮಗಳ ಮನೆಯ ನೆಲ ಒರೆಸುತ್ತಿದ್ದವಳು. ಕಾಂಪೌಂಡಿನ ಹಿಂದಿನ ನಲ್ಲೂರಹಳ್ಳಿಯವಳು, ಅವನಿಗಿಂತ ಐದಾರು ವರ್ಷಕ್ಕೆ ಚಿಕ್ಕವಳು, ಈ ಒಂದೇ ಕಟ್ಟಡದಲ್ಲಿ ಏಳು ಮನೆಗಳ ಕೆಲಸ. ಫೋಟೋದಲ್ಲಿ ಅವಳ ಬೆನ್ನು ಸ್ವಲ್ಪ ಬಾಗಿತ್ತು. ಕಳ್ಳತನಕ್ಕೆ ಹೊರಟವಳು ಹಾಗೆ ಬಾಗುತ್ತಾಳೆ ಎಂದು ನೋಡಿದವರಿಗೆ ಅನ್ನಿಸಿರಬೇಕು. ಮಂಡಿನೋವಿನವರೂ ಹಾಗೇ ಬಾಗುತ್ತಾರೆ. ಇರಣ್ಣನ ಹಿಂದೆ ಇಬ್ಬರು ಹೆಂಗಸರು ಬಂದು ನಿಂತು, ಅವನು ಸರಿಯಲಿ ಎಂದು ಕಾದರು. ಅವರಲ್ಲೊಬ್ಬಳು ಅಕ್ಷರ ಕೂಡಿಸಿಕೊಂಡು ಗಟ್ಟಿಯಾಗಿ ಓದತೊಡಗಿದಳು. ತನ್ನ ವಾಕ್ಯವನ್ನು ಇನ್ನೊಬ್ಬರ ಬಾಯಲ್ಲಿ ಕೇಳುವುದು ಒಂದು ಕಾಲಕ್ಕೆ ಅವನಿಗೆ ಎಷ್ಟು ಖುಷಿಯ ವಿಷಯವಾಗಿತ್ತು! ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಬೇಕೆಂದೇ ಒಂದು ಕಪ್ಪು ಹೆಚ್ಚಿಗೆ ಕುಡಿದು, ಯಾರಾದರೂ 'ಬಯಲು ವಾರ್ತೆ' ಬಿಚ್ಚಿ ಓದುತ್ತಾರೇನೋ ಎಂದು ಕಾಯುತ್ತಿದ್ದ. ಈಗ ಆ ಹೆಂಗಸು 'ತಿಳಿದುಬಂದಿರುವ' ಎಂಬಲ್ಲಿ ತೊದಲಿದಾಗ ಅವನ ಕಿವಿ ಬಿಸಿಯಾಯಿತು, ಬೇಗ ಬೇಗ ಹೆಜ್ಜೆ ಹಾಕಿ ಅಲ್ಲಿಂದ ಸರಿದ.

ಯಾರು ಅಂತ ಕೇಳಬೇಕಾಗಿತ್ತು. ಅಷ್ಟೇ. ಒಂದೇ ಪ್ರಶ್ನೆ. ಹೊಸದಾಗಿ ಸೇರಿದ ಹುಡುಗರಿಗೆ ಅವನು ಹೇಳಿಕೊಡುತ್ತಿದ್ದ ಮೊದಲ ಪಾಠ ಅದೇ ಆಗಿತ್ತಲ್ಲ: ಯಾರು, ಯಾರು ಹೇಳಿದ್ದು, ಅವನಿಗೆ ಹೇಗೆ ಗೊತ್ತು. ಶನಿವಾರ ಬಿ ಬ್ಲಾಕಿನ ಆರು ಮಕ್ಕಳಿಗೆ ವಾಂತಿ ಭೇದಿ ಶುರುವಾಗಿತ್ತು. ಮಧ್ಯಾಹ್ನದ ಹೊತ್ತಿಗೆ ನೀರು ಅಂದರು, ಸಂಜೆಗೆ ನೀರಿನಲ್ಲಿ ಏನೋ ಇದೆ ಅಂದರು, ರಾತ್ರಿ ಊಟದ ಹೊತ್ತಿಗೆ ಯಾರೋ ಏನೋ ಹಾಕಿದ್ದಾರೆ ಅನ್ನುವಲ್ಲಿಗೆ ಬಂದು ನಿಂತಿತ್ತು. ಅದೆಲ್ಲ ಮಗಳು ಐಶ್ವರ್ಯಾಳ ಫೋನಿನೊಳಗೇ ನಡೆದದ್ದು. ಅವಳು ನಿವಾಸಿಗಳ ಸಂಘದ ಜಂಟಿ ಕಾರ್ಯದರ್ಶಿ. ಊಟದ ತಟ್ಟೆಯ ಪಕ್ಕದಲ್ಲಿ ಆ ಫೋನು ದುಂಬಿಯಂತೆ ಗುಂಯ್‌ಗುಡುತ್ತಲೇ ಇತ್ತು. ಭಾನುವಾರ ಬೆಳಿಗ್ಗೆ ಅವಳು ಬಂದು ಕೂತು, "ಅಪ್ಪಾಜಿ, ಒಂದು ನೋಟಿಸ್ ಬರದ ಕೊಡ್ರಿ. ಕೆಲಸದವರಿಗೆ ತಿಳಿಯೂ ಹಂಗ, ಆದ್ರ ಗಟ್ಟಿ ಇರಬೇಕು. ನಮ್ಮ ಗ್ರೂಪಿನ್ಯಾಗ ಯಾರಿಗೂ ನೆಟ್ಟಗ ಕನ್ನಡ ಬರಿಯಾಕ ಬರೂದಿಲ್ಲ" ಎಂದಿದ್ದಳು. ಆರು ವರ್ಷವಾಗಿತ್ತು ಯಾರಾದರೂ ಅವನಿಂದ ಏನನ್ನಾದರೂ ಬರೆಸಿ! "ಹೆಸರು?" ಎಂದು ಅವನು ಬಾಯಿ ತೆರೆದದ್ದೇನೋ ನಿಜ. "ಹೆಸರು ಆಮ್ಯಾಲ ಹಾಕೋತೀವಿ, ಜಾಗಾ ಬಿಡ್ರಿ. ಯಾರೋ ಕೆಲಸದಾಕಿ ಸಂಪಿನ ಕಡೆ ಏನೋ ಇಟ್ಟಾಳಂತ, ಯಾರಂತ ಕಮಿಟಿಯವರು ಸಿಸಿಟಿವಿ ನೋಡಾಕ ಹತ್ಯಾರ" ಎಂದಳು. ಅವನು ಜಾಗ ಬಿಟ್ಟ. ಕನ್ನಡಕ ಒರೆಸಿಕೊಂಡು, ಹಳೆಯ ಪೆನ್ನು ಹುಡುಕಿ, ಮೂರು ಸಲ ತಿದ್ದಿ ಬರೆದ. ಅವಳು ಕೇಳದಿದ್ದರೂ ಕೊನೆಯಲ್ಲೊಂದು ಸಾಲನ್ನು ತನ್ನ ಕಡೆಯಿಂದ ಸೇರಿಸಿದ: 'ಈಕೆಯನ್ನು ಕೆಲಸಕ್ಕೆ ಇಟ್ಟುಕೊಳ್ಳದಂತೆ ಅಕ್ಕಪಕ್ಕದ ಬಡಾವಣೆಯವರಲ್ಲಿಯೂ ವಿನಂತಿ.' ಆ ಸಾಲು ಇಲ್ಲದೆ ಪ್ರಕಟಣೆ ಬೋಳು ಬೋಳಾಗಿ ನಿಂತಂತಿತ್ತು. ಅದಕ್ಕಾಗಿ ಸೇರಿಸಿದ.

ಆ ನೀಲಿ ಗಂಟಿನಲ್ಲಿದ್ದದ್ದು ದಿನಪತ್ರಿಕೆಗಳು. ಮನೆಯಲ್ಲಿ ಅವನನ್ನು ಬಿಟ್ಟರೆ ಇನ್ನೊಬ್ಬರು ಪೇಪರ್ ಮುಟ್ಟುತ್ತಿರಲಿಲ್ಲ. ಐಶ್ವರ್ಯಾಳಿಗೆ ಗ್ರೂಪು, ಅಳಿಯ ಸಿದ್ದಾರ್ಥನಿಗೆ ಕಿವಿಯೊಳಗೆ ತೂರಿಸಿಕೊಂಡ ಇಂಗ್ಲಿಷು. ಹೆಂಡತಿ ಮಹಾಂತಮ್ಮ ಬದುಕಿದ್ದಾಗಲೇ ಅವನ ಪೇಪರಿಗೆ ಕೈಮುಗಿದಿದ್ದಳು, "ನೀವ ಬರದದ್ದು ನೀವ ಓದ್ಕೋರಿ" ಎಂದು. ಹನ್ನೊಂದು ಗಂಟೆಗೆ ನೆಲ ಒರೆಸಿ ಮುಗಿಸಿದ ಚಿಕ್ಕಮುನಿಯಮ್ಮ ಅಡುಗೆಮನೆಯ ಬಾಗಿಲ ಪಕ್ಕ ಕೂತು ಚಹಾ ಕುಡಿಯುತ್ತ, "ಇವತ್ತೇನ್ ಬಂದೈತೆ ಸಾಮಿ?" ಎಂದು ಒಂದು ದಿನ ಕೇಳಿದ್ದೇ ಸಾಕಾಯಿತು. ಅವತ್ತಿನಿಂದ ದಿನಾ ಅರ್ಧ ಗಂಟೆ ಓದು. ಅವಳಿಗೆ ಓದು ಬಾರದು. ಸೆರಗು ತಲೆಗೆ ಎಳೆದುಕೊಂಡು, ಪೂಜೆಗೆ ಕೂತವಳ ಹಾಗೆ ಅವನ ಬಾಯನ್ನೇ ನೋಡುತ್ತಿದ್ದಳು. "ಟೀವೀಲಿ ಬರೀ ಕಿರುಚ್ತಾರೆ. ಪೋನ್ನಾಗೆ ಯಾರ್ ಬೇಕಾದ್ರೂ ಏನ್ ಬೇಕಾದ್ರೂ ಬುಡ್ತಾರೆ. ಪೇಪರ್ನಾಗೆ ಬಂದ್ರೆ ದಿಟ" ಎನ್ನುತ್ತಿದ್ದಳು. ಪೇಪರಿನಲ್ಲಿ ಹೇಗೆ ಬರುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಜಾಹೀರಾತು ಕೈಕೊಟ್ಟ ಜಾಗಕ್ಕೆ ಏನೇನು ತುರುಕಿದ್ದೇವೆ, ಯಾರ ಮದುವೆ ಊಟ ಉಂಡು ಯಾರ ಭಾಷಣ ಹಾಕಿದ್ದೇವೆ ಎಂದು ಒಂದು ಮಾತು ಹೇಳಬಹುದಾಗಿತ್ತು. ಹೇಳಲಿಲ್ಲ. ಅವಳ ಮುಂದೆ ಓದುವಾಗ ಅವನ ದನಿ ತಾನಾಗಿಯೇ ತುಂಬಿಕೊಳ್ಳುತ್ತಿತ್ತು. ಅಷ್ಟು ನಂಬುವ ಒಂದು ಮುಖ ಅವನಿಗೆ ಬೇಕಾಗಿತ್ತು, ನಾಚಿಕೆಗೇಡಿನಷ್ಟು ಬೇಕಾಗಿತ್ತು.

ಓದಾದ ಮೇಲೆ ಆ ಪೇಪರು ಅವಳ ಮೊಮ್ಮಗಳು ಲಾವಣ್ಯಳಿಗೆ. ಆ ಹುಡುಗಿ ಪೊಲೀಸ್ ಪರೀಕ್ಷೆಗೆ ಓದುತ್ತಿದ್ದಳು. ಯಾವುದನ್ನು ನೆನಪಿಡಬೇಕೆಂದು ಇರಣ್ಣ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು ಕೊಡುತ್ತಿದ್ದ. ಆದರೆ ಗೇಟಿನಿಂದ ಕೆಲಸದವರು ಒಂದು ಹಳೇ ಬಟ್ಟೆ ಹೊರಗೆ ಒಯ್ಯಬೇಕಾದರೂ ಪಾಸು ಬೇಕು. ಪಾಸಿಗೆ ಮನೆಯವರು ಫೋನಿನಲ್ಲಿ ಒಪ್ಪಿಗೆ ಒತ್ತಬೇಕು. ಒತ್ತುವ ಹಕ್ಕು ಐಶ್ವರ್ಯಾಳದು. ಇರಣ್ಣನ ಹೆಸರು ಆ ಯಾದಿಯಲ್ಲಿ 'ಅವಲಂಬಿತ' ಎಂದು ಚಿಕ್ಕ ಮಕ್ಕಳ ಸಾಲಿನಲ್ಲಿತ್ತು. ಮೇಲಾಗಿ ಶನಿವಾರ ಶನಿವಾರ ಸಂಘದವರೇ ಹಳೇ ಪೇಪರು ಸಂಗ್ರಹಿಸುತ್ತಿದ್ದರು. ಹೆಚ್ಚು ಕೊಟ್ಟ ಮನೆಯ ಹೆಸರನ್ನು ಲಿಫ್ಟಿನ ಪಕ್ಕ ಹಸಿರು ಬೋರ್ಡಿನಲ್ಲಿ ಬರೆಯುತ್ತಿದ್ದರು. ಐಶ್ವರ್ಯಾಳ ಹೆಸರು ಎರಡು ಸಲ ಬಂದಿತ್ತು. ಮಗಳನ್ನು ಕೇಳಿದ್ದರೆ ಬೇಡ ಅನ್ನುತ್ತಿದ್ದಳೋ ಇಲ್ಲವೋ. ಕೇಳಲು ಅವನಿಗೆ ಧೈರ್ಯ ಬರಲಿಲ್ಲ, ಅಷ್ಟೇ ಸಂಗತಿ. ಮನೆಯ ರದ್ದಿ ಪೇಪರು ಕೊಡಲು ಅರವತ್ತೆಂಟರ ಗಂಡಸು ಮಗಳ ಅಪ್ಪಣೆ ಕೇಳುವುದೇ ಎಂಬ ಜಂಬ ಬೇರೆ. ಅದಕ್ಕೇ ಒಂದು ದಾರಿ ಹೇಳಿಕೊಟ್ಟಿದ್ದ: ಪಂಪ್ ರೂಮಿನ ಬಾಗಿಲ ಹಿಂದೆ ಇಡು, ಕಾವಲಿನ ಮುತ್ತು ಡ್ಯೂಟಿ ಮುಗಿಸಿ ಹೋಗುವಾಗ ಹೊರಗೆ ತಂದುಕೊಡುತ್ತಾನೆ. "ಬ್ಯಾಡ ಸಾಮಿ, ಯಾರಾನ ನೋಡಿದ್ರೆ" ಎಂದಿದ್ದಳು ಅವಳು. "ಯಾರ ನೋಡ್ತಾರವಾ, ಪೇಪರ್ ಅಲ್ಲೇನು" ಎಂದು ಇವನು ನಕ್ಕಿದ್ದ.

ಒಂದು ಸುತ್ತು ಹಾಕಿ ಮತ್ತೆ ಗೇಟಿಗೇ ಬಂದ. ಮುತ್ತು ಕುರ್ಚಿಯಲ್ಲಿ ಕೂತು ತಗಡಿನ ಡಬ್ಬಿಯಿಂದ ಚಿತ್ರಾನ್ನ ತಿನ್ನುತ್ತಿದ್ದ. ಐವತ್ತು ದಾಟಿದವನು, ಎಲ್ಲರಿಗೂ ಸಲ್ಯೂಟು ಹೊಡೆದು ಹೊಡೆದು ಬಲಗೈ ಹಣೆಯ ಹತ್ತಿರವೇ ಇರುವಂಥವನು. ಇವತ್ತು ಇರಣ್ಣನನ್ನು ಕಂಡು ಏಳಲಿಲ್ಲ.

"ಮುತ್ತು, ಅದು ಪೇಪರ್ ಅಲ್ಲೇನೋ?" ಇರಣ್ಣ ದನಿ ತಗ್ಗಿಸಿ ಕೇಳಿದ.

"ಪೇಪರ್ ಅಂತ ನಂಗೂ ಗೊತ್ತು, ನಿಮ್ಗೂ ಗೊತ್ತು ಸಾರ್. ಶುಕ್ರವಾರ ಸಂಜೆ ನಾನೇ ತಗೊಂಡೋಗಿ ಕೊಟ್ಬಿಟ್ಟೆ. ನಿನ್ನೆ ಸೂಪರ್‌ವೈಸರ್ ಬಂದು ಪಂಪ್ ರೂಮೆಲ್ಲಾ ಹುಡುಕಿದ್ರು. ಏನೂ ಸಿಗ್ಲಿಲ್ಲ. ಸಿಗ್ಲಿಲ್ಲ ಅಂದ್ರೆ ಅಷ್ಟೂ ನೀರಿಗೇ ಸುರ್ದವ್ಳೆ ಅಂತ ಅವ್ರೇ ತೀರ್ಮಾನ ಮಾಡ್ಬಿಟ್ರು."

"ಮತ್ತ ನೀ ಹೇಳಬೇಕಿಲ್ಲೇನು?"

ಮುತ್ತು ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿದ. "ನಾನ್ ಹೇಳಿದ್ರೆ ನನ್ ಕೆಲ್ಸ ಹೋಗುತ್ತೆ ಸಾರ್. ಪಾಸ್ ಇಲ್ದೆ ಸಾಮಾನು ಸಾಗ್ಸಿದೀನಿ ಅಂತ. ನೀವ್ ಹೇಳಿದ್ರೆ ನಿಮ್ದೇನ್ ಹೋಗುತ್ತೆ ಹೇಳಿ?"

ಅದು ಸರಿಯಾದ ಪ್ರಶ್ನೆ. ಲಿಫ್ಟಿನಲ್ಲಿ ಹತ್ತನೇ ಮಹಡಿಗೆ ಹೋಗುವಷ್ಟರಲ್ಲಿ ಇರಣ್ಣ ಅದನ್ನೇ ಮನಸ್ಸಿನಲ್ಲಿ ತಿರುವಿ ಹಾಕಿದ. ಏನೂ ಹೋಗುವುದಿಲ್ಲ. ಒಂದು ಮಾತು. ಅದು ನನ್ನ ಪೇಪರು, ಕೊಟ್ಟವನು ನಾನು. ಲಿಫ್ಟಿನ ಕನ್ನಡಿಯ ಮುಂದೆ ಆ ಮಾತನ್ನು ಒಮ್ಮೆ ಆಡಿಯೂ ನೋಡಿದ. ಐದನೇ ಮಹಡಿಯಲ್ಲಿ ಯಾರೋ ಹತ್ತಿಕೊಂಡು, "ಅಂಕಲ್, ನೋಟಿಸ್ ನೀವು ಬರ್ದಿದ್ದಂತೆ? ಸೂಪರ್!" ಎಂದರು. ಅವನ ಮುಖ ತನ್ನಷ್ಟಕ್ಕೆ ನಕ್ಕಿತು. ಥೂ, ಎಂಥ ಮುಖ ಇದು, ಹೊಗಳಿದರೆ ಸಾಕು ಹಲ್ಲು ಬಿಡುತ್ತದೆ ಎಂದು ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

ಮನೆಯಲ್ಲಿ ಐಶ್ವರ್ಯಾ ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ನಿಂತುಕೊಂಡೇ ಅವಲಕ್ಕಿ ತಿನ್ನುತ್ತಿದ್ದಳು. "ಅಪ್ಪಾಜಿ, ನಿಮ್ಮ ನೋಟಿಸಿಗೆ ನೂರಾ ನಲವತ್ತು ಮಂದಿ ಥಂಬ್ಸಪ್ ಕೊಟ್ಟಾರ ನೋಡ್ರಿ" ಎಂದು ಫೋನು ಅವನ ಮುಂದೆ ಹಿಡಿದಳು. ಕನ್ನಡ ಓದಲು ಬಾರದವರೂ ಕೊಟ್ಟಿದ್ದರು. ಅದರ ಕೆಳಗೆ ಒಂದು ವಿಡಿಯೋ. ಯಾವಳೋ ಹೆಂಗಸು ಸಿಮೆಂಟಿನ ತೊಟ್ಟಿಯೊಂದಕ್ಕೆ ಡಬ್ಬಿಯಿಂದ ಏನನ್ನೋ ಸುರಿಯುತ್ತಿದ್ದಾಳೆ. ಸೀರೆ ಉಟ್ಟ ರೀತಿ ಈ ಕಡೆಯದಲ್ಲ. ಹಿಂದಿನ ಗೋಡೆಯ ಮೇಲಿನ ಬರಹ ಕನ್ನಡವಲ್ಲ. ಅದರ ಕೆಳಗೆ ಸಾಲು ಸಾಲಾಗಿ ಇವಳೇ, ಇವಳೇ, ನಮ್ಮ ಮನೆಗೂ ಬರುತ್ತಿದ್ದಳು, ಮೊದಲಿಂದಲೂ ನನಗೆ ಅನುಮಾನ ಇತ್ತು ಎಂದೆಲ್ಲ. ಮೊದಲಿಂದಲೂ ಅನುಮಾನ ಇದ್ದವರು ಹನ್ನೊಂದು ಮಂದಿ.

"ಇದು ಚಿಕ್ಕಮುನಿಯಮ್ಮ ಅಲ್ಲಲ್ಲವಾ" ಎಂದ ಇರಣ್ಣ.

ಸೋಫಾದಲ್ಲಿ ಬೂಟಿನ ದಾರ ಕಟ್ಟುತ್ತಿದ್ದ ಸಿದ್ದಾರ್ಥ ಒಂದು ಕಿವಿಯ ಇಯರ್‌ಫೋನನ್ನು ಮಾತ್ರ ತೆಗೆದ. "ಯಾರಾದ್ರೇನ್ರಿ ಮಾವಾರ, ಇಂಥವರು ಇರ್ತಾರ ಅನ್ನೂದು ಮುಖ್ಯ." ಹೇಳಿ, ಅದನ್ನು ಮತ್ತೆ ಕಿವಿಗೆ ಸೇರಿಸಿ, ಬಾಗಿಲು ತೆಗೆದು ಹೊರಟುಹೋದ.

ಈಗ ಹೇಳದಿದ್ದರೆ ಎಂದೂ ಹೇಳುವುದಿಲ್ಲ ಎಂದು ಇರಣ್ಣನಿಗೆ ಗೊತ್ತಾಯಿತು. "ಆ ಗಂಟಿನ್ಯಾಗ ಇದ್ದದ್ದು ಪೇಪರು, ಐಶು. ನಾನ ಕೊಟ್ಟದ್ದು. ಅಲ್ಲಿ ಇಡು ಅಂದವನೂ ನಾನ."

ಐಶ್ವರ್ಯಾಳ ಚಮಚ ಬಾಯಿಯ ಹತ್ತಿರ ಹೋಗಿ ನಿಂತಿತು. ಅವಳು ಮೊದಲು ಕೇಳಿದ್ದು ಯಾಕೆ ಎಂದಲ್ಲ. "ಯಾರ ಮುಂದರ ಹೇಳೀರೇನು?"

"ಇಲ್ಲ. ಮುತ್ತುಗ ಗೊತ್ತೈತಿ."

ಅವಳು ತಟ್ಟೆ ಇಟ್ಟು, ಹೊರಬಾಗಿಲು ಹಾಕಿ ಬಂದು, ದನಿ ಇಳಿಸಿದಳು. "ಹೇಳಬ್ಯಾಡ್ರಿ. ಕೇಳ್ರಿಲ್ಲೆ. ನಿನ್ನೆ ಸಂಜೀಕ ಪ್ಲಂಬರ್ ಸಂಪಿಗಿಳದು ನೋಡ್ಯಾನ. ಗಟಾರದ ಪೈಪು ಒಡದು ಆ ನೀರು ಸಂಪಿಗೆ ಸೇರೈತಿ. ಅದಕ್ಕ ಹುಡುಗರಿಗೆ ಆರಾಮ ತಪ್ಪಿದ್ದು. ಕಮಿಟಿಯ ನಾಕ್ ಮಂದಿಗೆ ಅಷ್ಟ ಗೊತ್ತದು."

"ಹಂಗಾದ್ರ ನೋಟಿಸ್ ತಗೀರಿ!" ಇರಣ್ಣನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. "ಈಗಿಂದೀಗ ತಗೀರಿ ಮತ್ತ!"

"ಇವತ್ತ ತಗದ್ರ ಯಾಕ ತಗದ್ರಿ ಅಂತಾರ. ಗಟಾರದ ನೀರು ಅಂದ್ರ ಇಲ್ಲಿ ಫ್ಲ್ಯಾಟ್ ಮಾರಾಕ ಇಟ್ಟವರು ನಮ್ಮನ್ನ ಹರದು ತಿಂತಾರ. ಪೈಪು ರಿಪೇರಿ ಆಗಲಿ, ಒಂದ್ ವಾರ ಕಳೀಲಿ. ಆಮ್ಯಾಲ ಮೂರು ಲೈನ್ ಏನರ ಬರದ ಕೊಡ್ರಿ, ತಪ್ಪು ತಿಳಿವಳಿಕೆ ಆಗಿತ್ತು ಅಂತ. ಹೆಸರು ಬ್ಯಾಡ."

"ಆಕಿ ಏಳು ಮನಿ ಕೆಲಸ ಹೋಗ್ತಾವಲ್ಲ ಐಶು."

ಅವಳು ಬ್ಯಾಗು ಹೆಗಲಿಗೇರಿಸಿ ಬಾಗಿಲ ತನಕ ಹೋಗಿ ನಿಂತಳು. ಮುಖದಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ಅಪ್ಪಾಜಿ, ಇನ್ನೊಂದು ಮಾತು. ಅವ್ವ ಇಲ್ಲದ ಮನಿ. ನಾವಿಬ್ಬರೂ ಹೋದ ಮ್ಯಾಲ ನೀವು ಕೆಲಸದಾಕೀನ್ನ ಕುಂದ್ರಿಸಿಕೊಂಡು ಅರ್ಧ ತಾಸು ಪೇಪರ್ ಓದ್ತೀರಿ ಅಂತ ಆ ಗ್ರೂಪಿಗೆ ಗೊತ್ತಾದ್ರ ಏನೇನು ಬರೀತಾರ, ವಿಚಾರ ಮಾಡೀರೇನು? ಅದಕ್ಕೂ ಥಂಬ್ಸಪ್ ಬರ್ತಾವ."

ಬಾಗಿಲು ಮುಚ್ಚಿಕೊಂಡಿತು. ಅಂದರೆ ಅವಳಿಗೆ ಮೊದಲಿಂದಲೂ ಗೊತ್ತಿತ್ತು, ಆ ಅರ್ಧ ಗಂಟೆ. ಅವನು ಅದನ್ನು ಯಾರೂ ಕಾಣದ ತನ್ನದೊಂದು ಹೊತ್ತು ಅಂದುಕೊಂಡಿದ್ದ. ಅದಕ್ಕೂ ಈಗ ಒಂದು ಕೊಳಕು ಹೆಸರು ಅಂಟಿಕೊಳ್ಳಲು ತಯಾರಾಗಿ ನಿಂತಿತ್ತು. ಅವನು ಕುರ್ಚಿಗೆ ಕುಸಿದ. ಅರವತ್ತೆಂಟರಲ್ಲಿ ಮಗಳ ಬಾಯಿಂದ ಇಂಥ ಮಾತು ಕೇಳಬೇಕೇ ಎಂದು ಅಳು ಬಂತು. ಮರುಕ್ಷಣವೇ ಅವನಿಗೆ ತಿಳಿಯಿತು, ಅಳು ಬಂದದ್ದು ತನಗಾಗಿ, ಗೇಟಿನಲ್ಲಿ ಫೋಟೋ ಆಗಿ ನಿಂತವಳಿಗಾಗಿ ಅಲ್ಲ.

ಮೂರು ಲೈನ್. ಹೆಸರು ಬೇಡ. ಐದನೇ ಪುಟದಲ್ಲಿ, ಟೆಂಡರ್ ಪ್ರಕಟಣೆಗಳ ಪಕ್ಕ, ಕೆಳಗಿನ ಮೂಲೆಯಲ್ಲಿ ಅಂಥದ್ದಕ್ಕೊಂದು ಜಾಗ 'ಬಯಲು ವಾರ್ತೆ'ಯಲ್ಲೂ ಇತ್ತು. ಹಿಂದೊಮ್ಮೆ ಅಂಗನವಾಡಿಯ ಶರಣಮ್ಮ ಎಂಬವಳು ಪತ್ರಿಕೆಯ ಕಚೇರಿಗೆ ಬಂದಾಗ ಅವನು ಮೂರನೇ ಪುಟದ ಸುದ್ದಿಗಳನ್ನು ಜೋಡಿಸಿ ಕಟ್ಟಿಸುತ್ತಿದ್ದ. ಮಕ್ಕಳ ಹಿಟ್ಟು ಮಾರಿಕೊಂಡಳೆಂದು ಅವಳ ಹೆಸರು ಹಾಕಿ ಸುದ್ದಿ ಬಂದು ಹತ್ತು ದಿನವಾಗಿತ್ತು. ಮಾರಿದ್ದು ಬೇರೆ ಊರಿನ ಬೇರೆ ಯಾರೋ ಎಂದು ಅಷ್ಟರಲ್ಲಿ ಕಚೇರಿಯಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಅವಳು ಜಗಳಕ್ಕೆ ಬಂದಿರಲಿಲ್ಲ. ಕತ್ತರಿಸಿದ ಸುದ್ದಿಯನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗಿಂದ ತೆಗೆದು ಮೇಜಿನ ಮೇಲೆ ಹರಡಿ, "ಇದನ್ನ ಯಾರು ಬರದ್ರಿ?" ಎಂದಿದ್ದಳು. ತಲೆಬರಹ ಅವನದೇ. "ಅದು ನಮ್ಮ ವರದಿಗಾರರವಾ, ಈಗಿಲ್ಲ ಅವರು" ಎಂದು ಅವನು ಪುಟದಿಂದ ತಲೆ ಎತ್ತದೆ ಹೇಳಿದ್ದ. ಪುಟಕ್ಕೆ ತಡವಾಗುತ್ತಿದೆಯಲ್ಲ ಎಂದು ಅವಳ ಮೇಲೆ ಸಿಟ್ಟೂ ಬಂದಿತ್ತು. ಮೂರು ಲೈನಿನ ಸ್ಪಷ್ಟೀಕರಣ ಮರುವಾರ ಬಂತು. ಓದಿದವರನ್ನು ಅವನು ಇಲ್ಲಿಯ ತನಕ ಕಂಡಿಲ್ಲ. ಶರಣಮ್ಮ ಆ ಊರು ಬಿಟ್ಟಳಂತೆ. ಅದು ಸುದ್ದಿಯಾಗಲಿಲ್ಲ. ಅವತ್ತು ಎಲ್ಲಿತ್ತು ಫೋನು, ಎಲ್ಲಿತ್ತು ಗ್ರೂಪು? ಊರಿಗೆಲ್ಲ ಫೋನಿನ ಮೇಲೆ ಬೈಯುವುದು ಎಷ್ಟು ಸುಲಭ, ಇರಣ್ಣನೂ ಪಾರ್ಕಿನ ಬೆಂಚಿನ ಮೇಲೆ ಕೂತು ಎಷ್ಟು ಸಲ ಬೈದಿದ್ದ, ನಮ್ಮ ಕಾಲದಲ್ಲಿ ಒಂದು ಸಾಲು ಬರೆಯಬೇಕಾದರೂ ಎಂದು ಶುರುಮಾಡಿ.

ಹನ್ನೊಂದು ಗಂಟೆಯಾಯಿತು. ಬಾಗಿಲ ಗಂಟೆ ಬಡಿದೇ ಇರಲಿಲ್ಲ. ಒರೆಸದ ನೆಲದ ಮೇಲೆ ಅವಲಕ್ಕಿಯ ಅಗುಳು ಬಿದ್ದಿತ್ತು. ಮೇಜಿನ ಮೇಲಿನ ಪೇಪರು ತೆಗೆದುಕೊಂಡು, ಕೈ ತಾನಾಗಿ ಕೆಂಪು ಪೆನ್ನು ಹುಡುಕಿ, ಎರಡು ಕಡೆ ಗೆರೆಯನ್ನೂ ಎಳೆದ. ಆಮೇಲೆ ಅದನ್ನು ಸುರುಳಿ ಸುತ್ತಿ ಹಿಡಿದುಕೊಂಡು ಕೆಳಗಿಳಿದ. ಎಲ್ಲಿಗೆ ಎಂದು ತನಗೆ ತಾನೇ ಹೇಳಿಕೊಳ್ಳಲಿಲ್ಲ. ಗೇಟಿನಲ್ಲಿ ಮುತ್ತು ಕತ್ತನ್ನು ರಸ್ತೆಯ ಆಚೆಗೆ ತಿರುಗಿಸಿ ತೋರಿಸಿದ.

ಎಳನೀರು ಗಾಡಿಯ ನೆರಳಲ್ಲಿ, ಚಪ್ಪಡಿ ಕಲ್ಲಿನ ಮೇಲೆ ಚಿಕ್ಕಮುನಿಯಮ್ಮ ಕೂತಿದ್ದಳು. ಅವನನ್ನು ಕಂಡೊಡನೆ ಮಂಡಿ ಹಿಡಿದುಕೊಂಡು ಎದ್ದಳು. ಕೆಲಸಕ್ಕೆ ಬರುವ ಸೀರೆಯಲ್ಲ, ಒಳ್ಳೆಯ ಸೀರೆ ಉಟ್ಟಿದ್ದಳು. ಯಾರನ್ನೋ ನೋಡಲು, ಏನನ್ನೋ ಕೇಳಲು ಹೊರಟವರು ಉಡುವ ಹಾಗೆ.

"ಬೆಳಿಗ್ಗೆ ಬೆಳ್ಳು ಒತ್ತಿದ್ರೆ ಕೆಂಪು ದೀಪ ಬಂತು ಸಾಮಿ. ಒಳಕ್ಕೆ ಬುಡ್ಲಿಲ್ಲ. ಮಿಕ್ಕೋರೆಲ್ಲ ಒಳಕ್ಕೋದ್ರು." ಸೊಂಟದಿಂದ ಒಂದು ಕಾಗದ ತೆಗೆದಳು. ನಾಲ್ಕು ಮಡಿಕೆ. "ಮುತ್ತಣ್ಣ ಒಂದು ಕೊಟ್ರು. ನನ್ ಪಟ ಐತೆ ಇದ್ರಾಗೆ. ಏನ್ ಬರ್ದವ್ರೆ, ವಸಿ ಓದಿ ಸಾಮಿ."

ಇರಣ್ಣ ಕಾಗದ ತೆಗೆದುಕೊಂಡ. ರಸ್ತೆಯಲ್ಲಿ ಕಂಪನಿಯ ಕ್ಯಾಬುಗಳು ಒಂದರ ಹಿಂದೆ ಒಂದು ಹಾದುಹೋಗುತ್ತಿದ್ದವು. ಅವಳು ಸೆರಗು ತಲೆಗೆ ಎಳೆದುಕೊಂಡು, ಅಡುಗೆಮನೆಯ ಬಾಗಿಲಲ್ಲಿ ಕೂತಾಗ ಹೇಗೋ ಹಾಗೆ, ಅವನ ಬಾಯನ್ನೇ ನೋಡತೊಡಗಿದಳು. ಹೇಳಿಬಿಡು, ಇದನ್ನು ಬರೆದವನು ನಾನು ಎಂದು ಹೇಳಿಬಿಡು, ಪೈಪು ಒಡೆದದ್ದು ಹೇಳು, ಅವಳ ಕೈ ಹಿಡಿದು ಗೇಟಿನೊಳಗೆ ನಡೆ ಎಂದು ಒಳಗೊಬ್ಬ ಕೂಗುತ್ತಲೇ ಇದ್ದ. ಇರಣ್ಣ ಮೊದಲ ಸಾಲು ನೋಡಿದ. ತಿಳಿದುಬಂದಿರುವ. ಅದನ್ನು ಈ ಮುಖದ ಮುಂದೆ ಗಟ್ಟಿಯಾಗಿ ಓದುವುದು ಅವನಿಂದ ಸಾಧ್ಯವಿರಲಿಲ್ಲ. ಕೆಮ್ಮಿದ. ಕನ್ನಡಕ ಸರಿಮಾಡಿಕೊಂಡ. ಓದಿದ.

"ಕುಡಿಯುವ ನೀರಿನ ಸಂಪು ಸ್ವಚ್ಛಗೊಳಿಸುವ ಕಾಮಗಾರಿ ಕೈಗೊಂಡಿರುವುದರಿಂದ, ಮನೆಗೆಲಸದ ಕೆಲವರಿಗೆ ಒಂದು ವಾರದ ಮಟ್ಟಿಗೆ ಪ್ರವೇಶ ಇರುವುದಿಲ್ಲ. ಯಾರೂ ಆತಂಕಪಡಬೇಕಾದ ಅಗತ್ಯವಿಲ್ಲ. ಎಲ್ಲರೂ ಸಹಕರಿಸಬೇಕಾಗಿ ವಿನಂತಿ."

ದನಿ ತುಂಬಿಕೊಂಡಿತ್ತು. ಅಲ್ಪವಿರಾಮ ಇರಬೇಕಾದಲ್ಲಿ ನಿಂತು, ಕೊನೆಯಲ್ಲಿ ಇಳಿದು, ಮೂರು ವರ್ಷ ಹೇಗೆ ಓದಿದ್ದನೋ ಹಾಗೇ ಓದಿದ್ದ. ಎಷ್ಟು ಸಲೀಸಾಗಿ ಬಂತು! ಒಂದು ಕ್ಷಣ ಅವನಿಗೇ ಅದು ನಿಜವೆನ್ನಿಸಿತು.

"ಮತ್ತೆ ನನ್ ಪಟ ಯಾಕಾಕವ್ರೆ?"

"ಅದು... ಸುಮ್ಮನ, ಮಾದರಿಗೆ ಅಂತ ಹಾಕ್ಯಾರವಾ."

ಅವಳು ಕೈ ಚಾಚಿ ಕಾಗದ ವಾಪಸು ತೆಗೆದುಕೊಂಡಳು. ಮಡಿಕೆಯ ಮೇಲೆ ಮಡಿಚಿ, ಮತ್ತೆ ಸೊಂಟಕ್ಕೆ ಸಿಕ್ಕಿಸಿದಳು. ಎಳನೀರಿನವನು ಮಚ್ಚು ಬೀಸುವ ಸದ್ದು ಮೂರು ಸಲ ಕೇಳಿಸಿತು.

"ಲಾವಣ್ಯ ನೆನ್ನೆನೇ ಓದಿದ್ಲು ಸಾಮಿ. ಪೋನ್ನಾಗೆ ಊರ್ಗೆಲ್ಲ ಬಂದೈತೆ. ನೀರ್ಗೆ ಇಸ ಆಕಿದೋಳು ಅಂತ ಬೀದಿ ನಲ್ಲೀತಾವ ನನ್ ಬಿಂದ್ಗೆ ಇಡಾಕೆ ಬುಡ್ಲಿಲ್ಲ. ನಮ್ಮೂರಿನೋರೇ. ನನ್ ಜೊತೆ ನಾಟಿ ಆಕ್ದೋರೇ." ಅವಳ ದನಿಯಲ್ಲಿ ಅಳುವಿರಲಿಲ್ಲ. "ನಾನೇ ಮೊಗೀಗೆ ಬೈದೆ. ನೀನು ತಪ್ಪಾಗಿ ಓದಿದ್ದೀಯೆ ಕಣೇ, ಪೋನಿಂದೆಲ್ಲ ಸುಳ್ಳು, ಆ ಸಾಮಿ ಓದ್ಲಿ ತಡಿ, ಅವ್ರು ಇದ್ದಿದ್ದು ಇದ್ದಂಗೆ ಓದ್ತಾರೆ ಅಂದೆ. ಅವ್ರೇ ಪೇಪರ್ ಕೊಟ್ಟೋರು, ಒಂದು ಮಾತು ಯೋಳಾರು ಅಂದೆ."

ಇರಣ್ಣ ಏನಾದರೂ ಮಾಡಬೇಕಿತ್ತು. ಮಾಡಿದ್ದು ಇಷ್ಟೇ: ಕೈಯಲ್ಲಿದ್ದ ಸುರುಳಿಯನ್ನು ಅವಳತ್ತ ಚಾಚಿದ. "ಇವತ್ತಿಂದು. ಲಾವಣ್ಯಗ. ಗೆರಿ ಹಾಕೇನಿ."

ಅವಳು ಅದನ್ನು ನೋಡಿದಳು, ಮುಟ್ಟಲಿಲ್ಲ. "ಬ್ಯಾಡಿ ಬುಡಿ ಸಾಮಿ. ಪಾಸಿಲ್ಲ ನಂತಾವ."

ರಸ್ತೆ ದಾಟಲೆಂದು ನಾಲ್ಕು ಹೆಜ್ಜೆ ಹೋದಳು. ಕ್ಯಾಬೊಂದು ಹಾರನ್ ಹೊಡೆಯಿತು. ನಿಂತು, ಹಿಂದಕ್ಕೆ ಬಂದು, ಏನೋ ಮರೆತು ಹೋದವಳು ಕೇಳುವ ಹಾಗೆ, ಸಿಟ್ಟಿಲ್ಲದೆ ಕೇಳಿದಳು.

"ಸಾಮಿ, ಮೂರ್ ವರ್ಸ ದಿನಾ ಓದಿ ಯೋಳಿದ್ರಲ್ಲ. ಅದೂ ಇಂಗೇನಾ?"